ಮೊದಲು ಗೋಡೆಯೋ, ಮೊದಲು ನೆಲವೋ?

ಹಬ್ಬ ಹತ್ತಿರ ಬಂತು. ಮನೆಗೆ ಸುಣ್ಣ ಆಗಬೇಕು. ನೆಲದ ಗಾರೆಯೂ ಅಲ್ಲಲ್ಲಿ ಕಿತ್ತಿದೆ. ಅದನ್ನೂ ಮಾಡಿಸಬೇಕು. ಕೈಯಲ್ಲಿ ಇರುವುದು ಸ್ವಲ್ಪ ದುಡ್ಡು. ಹಾಗಾದರೆ ಮೊದಲು ಯಾವುದು? ಗೋಡೆಯೋ, ನೆಲವೋ?

ನಮ್ಮ ಕಲಿಕಾ ಕೇಂದ್ರದಲ್ಲಿ ಈ ಪ್ರಶ್ನೆ ಬಂದಾಗ ಒಬ್ಬರು ಒಂದು ಹೇಳಿದರು, ಇನ್ನೊಬ್ಬರು ಇನ್ನೊಂದು ಹೇಳಿದರು. "ಬಣ್ಣ ಕೆಳಗೆ ಬೀಳ್ತೈತಿ. ಅದಕ್ಕ ಗ್ವಾಡಿ ಮೊದ್ಲು" ಎಂದರು ಒಬ್ಬ ಅಕ್ಕ. "ನೆಲ ಅಗೆದ್ರೆ ಧೂಳು ಮ್ಯಾಲೆ ಏರ್ತೈತಿ. ಅದಕ್ಕ ನೆಲ ಮೊದ್ಲು" ಎಂದರು ಇನ್ನೊಬ್ಬ ಅಣ್ಣ. ಇಬ್ಬರ ಮಾತೂ ಸರಿಯೇ. ಬಣ್ಣ ಕೆಳಕ್ಕೆ ಬೀಳುತ್ತದೆ, ಧೂಳು ಮೇಲಕ್ಕೆ ಏಳುತ್ತದೆ. ತೊಡಕು ಇರುವುದೇ ಅಲ್ಲಿ.

ಹಿಂದೆ ಮಣ್ಣಿನ ಮನೆಗಳಲ್ಲಿ ಈ ತೊಡಕು ಇರಲಿಲ್ಲ. ನಮ್ಮ ಅವ್ವಂದಿರು ಏನು ಮಾಡುತ್ತಿದ್ದರು, ನೆನಪು ಮಾಡಿಕೊಳ್ಳಿ. ಮೊದಲು ಜೇಡರ ಬಲೆ ತೆಗೆಯುತ್ತಿದ್ದರು. ಆಮೇಲೆ ಗೋಡೆಗೆ ಸುಣ್ಣ. ಸುಣ್ಣದ ಹನಿ ನೆಲದ ಮೇಲೆ ಬಿದ್ದರೆ ಬೀಳಲಿ. ಮಾರನೇ ದಿನ ನೆಲಕ್ಕೆ ಸಗಣಿ ಸಾರಣೆ. ಹನಿಯೆಲ್ಲ ಸಾರಣೆಯ ಅಡಿಗೆ ಹೋಯಿತು. ಕೊನೆಗೆ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ. ಸಾರಿಸುವಾಗ ಗೋಡೆಗೆ ಸಿಡಿದ ಸಗಣಿ ನೀರು ಆ ಪಟ್ಟೆಯಲ್ಲಿ ಮುಚ್ಚಿಹೋಯಿತು. ಎಷ್ಟು ಜಾಣತನ ನೋಡಿ! ಮೇಲಿನಿಂದ ಕೆಳಗೆ ಬರುವುದು, ಕೊನೆಗೆ ಗೋಡೆ ಮತ್ತು ನೆಲ ಕೂಡುವ ಜಾಗಕ್ಕೆ ಒಂದು ಪಟ್ಟೆ ಎಳೆಯುವುದು. ಇಂದಿನ ಪಕ್ಕಾ ಮನೆಗೂ ದಾರಿ ಇದೇ. ಆದರೆ ಒಂದು ವ್ಯತ್ಯಾಸ ಇದೆ. ಸಾರಣೆಗೆ ಅಗೆತ ಇಲ್ಲ, ಧೂಳು ಇಲ್ಲ. ಪರಸಿ ಕಲ್ಲು, ಮೊಸಾಯಿಕ್, ಕೆಂಪು ಗಾರೆ ಇವಕ್ಕೆ ಅಗೆತ ಉಂಟು, ಧೂಳು ಉಂಟು, ರಾಡಿ ಉಂಟು.

ನಮ್ಮ ಓಣಿಯ ಒಂದು ಮನೆಯ ಸಂಗತಿ ಹೇಳುತ್ತೇವೆ. ಆ ಮನೆಯ ಅಕ್ಕ ಸಂಘದಲ್ಲಿ ಸಾಲ ತೆಗೆದರು. ಮಗಳ ಮದುವೆ ಇತ್ತು. ಬಣ್ಣದವರು ಬೇಗ ಸಿಕ್ಕರು, ಗೌಂಡಿ ಸಿಗಲಿಲ್ಲ. ಸಿಕ್ಕವರಿಂದ ಮೊದಲು ಮಾಡಿಸೋಣ ಎಂದು ಗೋಡೆಗೆಲ್ಲ ತಿಳಿ ಹಸಿರು ಡಿಸ್ಟೆಂಪರ್ ಹೊಡೆಸಿದರು. ಹದಿನೈದು ದಿನ ಬಿಟ್ಟು ಗೌಂಡಿ ಬಂದರು. ಹಳೆಯ ನೆಲ ಅಗೆದರು. ಮನೆಯೆಲ್ಲ ಧೂಳು. ಕಲ್ಲು ಕೂರಿಸುವಾಗ ಸಿಮೆಂಟಿನ ರಾಡಿ ಗೋಡೆಗೆ ಮೊಳದೆತ್ತರ ಸಿಡಿಯಿತು. ಒರೆಸಿದರೆ ಬಣ್ಣವೇ ಕಿತ್ತು ಬಂತು. "ಕೆಳಗೆ ಅಷ್ಟಕ್ಕೇ ಬಣ್ಣ ಹಚ್ಚಿದ್ರಾಯ್ತು ಬಿಡ್ರಿ" ಎಂದರು ಯಾರೋ. ಹಚ್ಚಿದರು. ಹೊಸ ಬಣ್ಣ ಒಂದು ತರ, ಹಳೆಯದು ಒಂದು ತರ ಕಂಡಿತು. ಕಡೆಗೆ ನಾಲ್ಕೂ ಗೋಡೆಗೆ ಮತ್ತೆ ಹೊಡೆಸಬೇಕಾಯಿತು. ಬಣ್ಣದ ದುಡ್ಡು ಎರಡು ಸಲ, ಕೂಲಿ ಎರಡು ಸಲ. ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ತಪ್ಪದೆ ಬರುತ್ತದೆ.

ಹಾಗಾದರೆ ಹೇಗೆ ಮಾಡಬೇಕು? ಬನ್ನಿ, ನೋಡೋಣ.

ಎಲ್ಲಕ್ಕೂ ಮೊದಲು ಮಾಳಿಗೆ. ಮೇಲೆ ಸೋರಿಕೆ ಇದ್ದರೆ ಕೆಳಗೆ ಏನು ಮಾಡಿದರೂ ದಂಡ. ಒದ್ದೆ ಗೋಡೆಗೆ ಹಚ್ಚಿದ ಬಣ್ಣ ಪೊರೆ ಪೊರೆಯಾಗಿ ಬೀಳುತ್ತದೆ. ಮಾಳಿಗೆ ಆದ ಮೇಲೆ ಕರೆಂಟಿನ ವೈರು, ನಳದ ಪೈಪು. ಇವಕ್ಕೆ ಗೋಡೆ ಕೊರೆಯಬೇಕಾಗುತ್ತದೆ. ಕೊರೆಯುವುದು, ಒಡೆಯುವುದು ಏನಿದ್ದರೂ ಈಗಲೇ ಮುಗಿಯಲಿ. ಕೊರೆದ ಜಾಗಕ್ಕೆ, ಬಿರುಕಿಗೆ ಗಾರೆ ಮೆತ್ತಿಸಿ. ಚೆನ್ನಾಗಿ ಆರಲು ಬಿಡಿ.

ಆರಲು ಎಷ್ಟು ದಿನ? ಸುಣ್ಣ ಬಳಿಯುವುದಾದರೆ ಹೊಸ ಗಾರೆಯ ಮೇಲೂ ಬಳಿಯಬಹುದು, ತೊಂದರೆ ಇಲ್ಲ. ಡಿಸ್ಟೆಂಪರ್, ಆಯಿಲ್ ಪೇಂಟ್ ಆದರೆ ಅವಸರ ಬೇಡ. ಹೊಸ ಸಿಮೆಂಟ್ ಗಾರೆಯಲ್ಲಿ ಕ್ಷಾರ ಇರುತ್ತದೆ. ಅದು ಆಯಿಲ್ ಪೇಂಟನ್ನು ತಿನ್ನುತ್ತದೆ. ಸುಮಾರು ಒಂದು ತಿಂಗಳು ಕಾಯುವುದು ಒಳ್ಳೆಯದು. ಗೋಡೆಯಲ್ಲಿ ಬಿಳಿ ಉಪ್ಪು ಹೂವಿನಂತೆ ಎದ್ದಿದ್ದರೆ, ಅಂದರೆ ಗೋಡೆ ಚೌಳು ಬಿಟ್ಟಿದ್ದರೆ, ಅದಕ್ಕೆ ಬಣ್ಣ ಮದ್ದಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಬಚ್ಚಲಿನ ನೀರು ಗೋಡೆಯ ಬುಡದಲ್ಲಿ ನಿಲ್ಲುತ್ತಿದೆಯೇ ನೋಡಿ.

ಈಗ ಗೋಡೆ ಕೆರೆಯುವ ಕೆಲಸ. ಹಳೆಯ ಸುಣ್ಣದ ಪೊರೆ ಕೆರೆದು ತೆಗೆಯಬೇಕು. ಆಮೇಲೆ ಒಳಮಾಳಿಗೆಗೆ ಸುಣ್ಣ. ಗೋಡೆಗೆ ಒಂದೇ ಒಂದು ಕೋಟು. ಅಷ್ಟಕ್ಕೆ ನಿಲ್ಲಿಸಿ! ಕೊನೆಯ ಕೋಟು ಈಗ ಬೇಡ. ಬಣ್ಣದವರಿಗೆ ಇದು ಹಿಡಿಸುವುದಿಲ್ಲ. "ಎರಡು ಸಲ ಯಾಕ್ರಿ ಬರೋದು, ಒಂದೇ ಸಲ ಮುಗಿಸಿಬಿಡ್ತೀವಿ" ಎನ್ನುತ್ತಾರೆ. ಅವರಿಗೂ ಅವರ ಹೊಟ್ಟೆಪಾಡು. ಆದ್ದರಿಂದ ಮಾತಾಡುವಾಗಲೇ ಎರಡು ಸಲ ಬರಬೇಕು ಎಂದು ಹೇಳಿ, ಕೂಲಿ ಗೊತ್ತು ಮಾಡಿಕೊಳ್ಳಿ.

ಇನ್ನು ನೆಲ. ನೆಲದಲ್ಲಿ ಬಗೆ ಬಗೆ ಉಂಟು.

ಶಹಾಬಾದ್ ಪರಸಿ ಅಥವಾ ಕಡಪ ಕಲ್ಲು ಹಾಸುವುದಾದರೆ, ಹಳೆಯ ನೆಲದ ಮೇಲೆಯೇ ಹಾಸುತ್ತೀರೋ, ಅಗೆದು ಹಾಸುತ್ತೀರೋ ಮೊದಲೇ ಯೋಚಿಸಿ. ಹಳೆಯದರ ಮೇಲೆ ಹಾಸಿದರೆ ಖರ್ಚು ಕಡಿಮೆ. ಆದರೆ ನೆಲ ಎರಡು ಮೂರು ಇಂಚು ಮೇಲೆ ಬರುತ್ತದೆ. ಆಗ ಬಾಗಿಲು ನೆಲಕ್ಕೆ ಉಜ್ಜುತ್ತದೆ. ಬಾಗಿಲಿನ ಅಡಿ ಕೊಯ್ಸಬೇಕು. ಬಾಗಿಲಿಗೆ ಪೇಂಟ್ ಆದ ಮೇಲೆ ಕೊಯ್ಸಿದರೆ ಪೇಂಟ್ ಹಾಳು. ಅದಕ್ಕೇ ಬಾಗಿಲಿನ ಪೇಂಟ್ ನೆಲ ಆದ ಮೇಲೆ. ಇನ್ನೊಂದು ಮಾತು. ನೆಲ ತೊಳೆದ ನೀರು ಎತ್ತ ಹೋಗಬೇಕು? ಬಾಗಿಲ ಕಡೆಗೋ, ಬಚ್ಚಲ ಕಡೆಗೋ? ಗೌಂಡಿಗೆ ಮೊದಲೇ ಹೇಳಿ. ಕಲ್ಲು ಕೂತ ಮೇಲೆ ಇಳಿಜಾರು ಬದಲಿಸಲು ಆಗದು.

ಕೆಂಪು ಗಾರೆ ನೆಲ ಆದರೆ ನೀರುಣಿಸುವುದು ಮುಖ್ಯ. ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸಿಮೆಂಟ್ ನೀರು ಕುಡಿದು ಗಟ್ಟಿಯಾಗುತ್ತದೆ. ಬೇಗ ಒಣಗಿದರೆ ಬಿರಿಯುತ್ತದೆ. ನಮ್ಮ ಹೊಸಪೇಟೆ, ಕಂಪ್ಲಿ ಕಡೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ಗೋಣಿಚೀಲ ನೆನೆಸಿ ನೆಲದ ಮೇಲೆ ಹಾಸಿ, ಕಡಿಮೆ ಎಂದರೆ 7 ದಿನ ತೇವ ಇಡಿ. ಈ 7 ದಿನ ಅಲ್ಲಿ ಬಣ್ಣದವರ ಏಣಿ ಇಡಬಾರದು. ಕಬ್ಬಿಣದ ಮಂಚ ಎಳೆಯಬಾರದು. ಕೆಂಪು ನೆಲದ ಮೇಲೆ ಸುಣ್ಣದ ಹನಿ ಬಿದ್ದರೆ ಕಲೆ ಸುಲಭವಾಗಿ ಹೋಗದು. ಅದಕ್ಕೇ ಒಳಮಾಳಿಗೆಯ ಸುಣ್ಣ ಮೊದಲೇ ಮುಗಿದಿರಬೇಕು.

ಮೊಸಾಯಿಕ್ ನೆಲ ಇದ್ದವರು ಅದನ್ನು ಮೆಶಿನ್ನಿನಿಂದ ಉಜ್ಜಿಸಿ ಪಾಲಿಶ್ ಮಾಡಿಸುತ್ತಾರೆ. ಮೊದಲು ಒರಟು ಕಲ್ಲು, ಆಮೇಲೆ ನುಣುಪು ಕಲ್ಲು. ನೀರು ಹಾಕಿ ಉಜ್ಜುವುದರಿಂದ ಹಿಟ್ಟಿನಂಥ ರಾಡಿ ಗೋಡೆಗೆ ಸಿಡಿಯುತ್ತದೆ. ಒರಟು ಉಜ್ಜುವಿಕೆ ಬಣ್ಣಕ್ಕೆ ಮೊದಲು, ಕೊನೆಯ ಹೊಳಪು ಬಣ್ಣದ ನಂತರ. ಹೀಗೆ ಎರಡು ಭಾಗ ಮಾಡಿಸಿದರೆ ಗೋಡೆಯೂ ಉಳಿಯಿತು, ನೆಲವೂ ಉಳಿಯಿತು. ಹೊಳಪಿಗೆ ಹಾಕುವ ಆಕ್ಸಾಲಿಕ್ ಪುಡಿ ವಿಷ. ನೋಡಲು ಸಕ್ಕರೆಯಂತೆ ಬಿಳಿ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ನೀರು ಇರುವ ನೆಲದಲ್ಲಿ ಕರೆಂಟಿನ ಮೆಶಿನ್ ಓಡುತ್ತದೆ. ವೈರು ಹರಿದಿದ್ದರೆ ಕೆಲಸ ಶುರು ಮಾಡಲು ಬಿಡಬೇಡಿ. ಮಕ್ಕಳು ಬರಿಗಾಲಲ್ಲಿ ಆ ಕಡೆ ಹೋಗಬಾರದು.

ನೆಲ ಗಟ್ಟಿಯಾದ ಮೇಲೆ ಅದರ ಮೇಲೆ ಹಳೆಯ ಸೀರೆ, ತಾಡಪತ್ರಿ ಹಾಸಿ ಗೋಡೆಗೆ ಕೊನೆಯ ಕೋಟು ಹೊಡೆಸಿ. ಆಮೇಲೆ ಬಾಗಿಲು ಕಿಟಕಿಗೆ ಆಯಿಲ್ ಪೇಂಟ್. ಸಂಡೂರು ಕಡೆ ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕ ಮನೆ ಇದ್ದರೆ, ಕೆಂಪು ಧೂಳು ಹಸಿ ಪೇಂಟಿಗೆ ಅಂಟುತ್ತದೆ. ಗಾಳಿ ಕಡಿಮೆ ಇರುವ ಹೊತ್ತು ನೋಡಿ ಹಚ್ಚಿಸಿ. ಕಟ್ಟಕಡೆಗೆ ನೆಲದ ಹೊಳಪು, ಗೋಡೆಯ ಬುಡದ ಪಟ್ಟೆ.

ಹಳೆಯ ಆಯಿಲ್ ಪೇಂಟ್ ಉಜ್ಜುವಾಗ ಒಂದು ಎಚ್ಚರ. ಹಿಂದಿನ ಪೇಂಟ್‌ಗಳಲ್ಲಿ ಸೀಸ ಇರುತ್ತಿತ್ತು. ಸೀಸದ ಧೂಳು ಮಕ್ಕಳ ಹೊಟ್ಟೆಗೆ ಹೋದರೆ ಮಿದುಳಿನ ಬೆಳವಣಿಗೆಗೆ ಪೆಟ್ಟು. ಮನೆಗೆ ಹಚ್ಚುವ ಪೇಂಟ್‌ನಲ್ಲಿ ಸೀಸ 10 ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು 2017ರ ನವೆಂಬರ್‌ನಿಂದ ಜಾರಿಗೆ ಬಂತು. ಆದರೆ ನಿಮ್ಮ ಹಳೆಯ ಬಾಗಿಲಿನ ಪೇಂಟ್ ಅದಕ್ಕೂ ಹಿಂದಿನದು ಇರಬಹುದು. ಒಣಗಿದ್ದನ್ನು ಹಾಗೇ ಉಜ್ಜಬೇಡಿ. ನೀರು ಚಿಮುಕಿಸಿ ಉಜ್ಜಿ. ಬಿದ್ದ ಪುಡಿ ಗುಡಿಸದೆ ಒದ್ದೆ ಬಟ್ಟೆಯಿಂದ ಬಳಿದು ತೆಗೆಯಿರಿ. ಬಸುರಿ ಹೆಂಗಸರು, ಚಿಕ್ಕ ಮಕ್ಕಳು ಆ ದಿನ ಬೇರೆ ಮನೆಯಲ್ಲಿ ಇರಲಿ.

ಸುಣ್ಣವೂ ಸುಮ್ಮನೆ ಅಲ್ಲ. ಕಲ್ಲುಸುಣ್ಣ ಅರಳಿಸುವಾಗ ಕುದಿಯುತ್ತದೆ. ಮೊದಲು ಪಾತ್ರೆಗೆ ನೀರು, ಆ ನೀರಿಗೆ ಸ್ವಲ್ಪ ಸ್ವಲ್ಪ ಸುಣ್ಣ. ಸುಣ್ಣದ ರಾಶಿಗೆ ನೀರು ಸುರಿದರೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೀಟು ಬೇಡ, ಕರಗೀತು. ಕಣ್ಣಿಗೆ ಸುಣ್ಣ ಬಿದ್ದರೆ ಉಜ್ಜಬೇಡಿ. ಎಣ್ಣೆ, ತುಪ್ಪ ಹಾಕಬೇಡಿ. ಕೂಡಲೇ ಒಳ್ಳೆಯ ನೀರಿನಿಂದ ಕಾಲು ಗಂಟೆಗೂ ಕಡಿಮೆ ಇಲ್ಲದೆ ತೊಳೆದು, ಆಸ್ಪತ್ರೆಗೆ ಓಡಿ. ಸುಣ್ಣದಿಂದ ಕಣ್ಣು ಹೋಗುತ್ತದೆ. ಈ ಒಂದು ಮಾತನ್ನು ನೀವು ಓದಿ ಬೇರೆಯವರಿಗೂ ಹೇಳಿ.

ಇಷ್ಟು ಹೇಳಿದರೂ ಸುಣ್ಣವನ್ನು ನಾವು ಬಿಟ್ಟುಕೊಡುವುದಿಲ್ಲ. ಡಿಸ್ಟೆಂಪರ್‌ಗಿಂತ ಅಗ್ಗ. ಸುಣ್ಣದ ಕ್ಷಾರಕ್ಕೆ ಬೂಸರು ಬೇಗ ಬೆಳೆಯದು. ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಹಂಪಿಯ ಕಮಲ ಮಹಲ್ ನೋಡಿದ್ದೀರಲ್ಲ? ಅದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಕಟ್ಟಡ. ಇಂದಿಗೂ ನಿಂತಿದೆ. ದೂರ ಯಾಕೆ, ನಮ್ಮ ಡ್ಯಾಂ ನೋಡಿ. 1945ರಲ್ಲಿ ಅಡಿಗಲ್ಲು, 1953ರಲ್ಲಿ ನೀರು ನಿಂತಿತು. ಆ ಗೋಡೆ ಕಲ್ಲು ಮತ್ತು ಸುರ್ಕಿ ಗಾರೆಯದು. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಅದನ್ನು ಸುಣ್ಣಕ್ಕೆ ಬೆರೆಸಿ ಅರೆದರೆ ನೀರಿಗೂ ಜಗ್ಗದ ಗಾರೆ ಆಗುತ್ತದೆ.

ಕೆಲಸಕ್ಕೆ ಹೊತ್ತು ಎಂಬುದೂ ಇದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದದ್ದು ನಿಮಗೆ ನೆನಪಿದೆ. ಡ್ಯಾಂ ತುಂಬಿದ ಕಾಲ. ನೀರು ಹರಿಯುತ್ತಿರುವಾಗಲೇ ಕಬ್ಬಿಣದ ಹಲಗೆ ಇಳಿಸಿ ತಡೆಯಬೇಕಾಯಿತು. ಎಂಥ ಕಷ್ಟ! ಮನೆಯ ಕೆಲಸಕ್ಕೆ ಅಂಥ ಅವಸರ ಇಲ್ಲ. ಮಳೆಗಾಲ ಬಿಡಿ. ದೀಪಾವಳಿ ಆದ ಮೇಲಿನ ದಿನಗಳು ಒಳ್ಳೆಯವು. ಬಿಸಿಲು ಹದ, ಗಾಳಿ ಒಣ. ಯುಗಾದಿಗೆ ಬೇಕು ಎನ್ನುವವರು ಸಂಕ್ರಾಂತಿಗೇ ಶುರು ಮಾಡಿ. ಒಂದೇ ಮನೆಯಲ್ಲಿ ಇದ್ದುಕೊಂಡೇ ಮಾಡಿಸುವವರು ಒಳಕೋಣೆಯಿಂದ ಆರಂಭಿಸಿ, ಬಾಗಿಲ ಕಡೆಗೆ ಬನ್ನಿ. ಅಡುಗೆ ಮನೆ ಕೊನೆಗೆ ಇರಲಿ. ಇಲ್ಲದಿದ್ದರೆ ವಾರಗಟ್ಟಲೆ ಒಲೆ ಅಂಗಳದಲ್ಲಿ.

ಈಗ ಲೆಕ್ಕ. ಪೆನ್ಸಿಲ್ ತಗೊಳ್ಳಿ. ಒಂದು ಕೋಣೆ 12 ಅಡಿ ಉದ್ದ, 10 ಅಡಿ ಅಗಲ ಎನ್ನೋಣ. ನೆಲ ಎಷ್ಟು? 12 ಗುಣಿಸು 10, ಅಂದರೆ 120 ಚದರ ಅಡಿ. ಗೋಡೆ ಎತ್ತರ 9 ಅಡಿ. ನಾಲ್ಕೂ ಗೋಡೆಯ ಸುತ್ತಳತೆ 12, 10, 12, 10 ಕೂಡಿ 44 ಅಡಿ. 44 ಗುಣಿಸು 9, ಅಂದರೆ 396. ಇದರಲ್ಲಿ ಬಾಗಿಲು 7 ಅಡಿಗೆ 3 ಅಡಿ, 21. ಕಿಟಕಿ 4 ಅಡಿಗೆ 3 ಅಡಿ, 12. ಎರಡೂ ಸೇರಿ 33. ಕಳೆದರೆ 363 ಚದರ ಅಡಿ. ಬಣ್ಣದ ಕೂಲಿ ಇಷ್ಟಕ್ಕೆ. ಬಾಗಿಲು ಕಿಟಕಿ ಕಳೆಯಲು ಕೆಲವರು ಒಪ್ಪುವುದಿಲ್ಲ. ಮೂಲೆಗಳಲ್ಲಿ ಕೆಲಸ ಹೆಚ್ಚು ಎನ್ನುತ್ತಾರೆ. ಅದರಲ್ಲೂ ಸ್ವಲ್ಪ ನ್ಯಾಯ ಇದೆ. ಆದರೆ ಮಾತು ಮೊದಲೇ ಆಗಿರಲಿ. ಟೇಪು ಹಿಡಿದು ಅಳೆಯುವಾಗ ಒಂದು ತುದಿ ನೀವೇ ಹಿಡಿಯಿರಿ.

ಗೌಂಡಿ ಜೊತೆಗೂ, ಬಣ್ಣದವರ ಜೊತೆಗೂ ಆದ ಮಾತನ್ನು ಒಂದು ಹಾಳೆಯಲ್ಲಿ ಬರೆಯಿರಿ. ಚದರ ಅಡಿಗೆ ಎಷ್ಟು? ಸಾಮಾನು ಯಾರದು? ಬರೇ ಕೂಲಿಯೋ, ಸಾಮಾನು ಸೇರಿಯೋ? ಎಷ್ಟು ಕೋಟು? ಅಡ್ವಾನ್ಸ್ ಎಷ್ಟು, ಯಾವ ತಾರೀಖು? ಮುಗಿಯದ ಕೆಲಸಕ್ಕೆ ಪೂರ್ತಿ ದುಡ್ಡು ಕೊಡಬೇಡಿ. ಕೊನೆಯ ಕೋಟಿನ ದುಡ್ಡು ಕೊನೆಯ ಕೋಟು ಆದ ಮೇಲೆಯೇ. ಕೆಳಗೆ ಇಬ್ಬರೂ ಸಹಿ ಮಾಡಿ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು, ನಿಮಗೆ ಸಹಿ ಬರುತ್ತದೆ.

ನೀವಿರುವುದು ಬಾಡಿಗೆ ಮನೆಯೋ, ಕ್ವಾರ್ಟರ್ಸೋ ಆದರೆ ನೆಲ ಅಗೆಯುವ ಮೊದಲು ಮನೆಯ ಮಾಲೀಕರನ್ನು, ಆಫೀಸಿನವರನ್ನು ಕೇಳಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಕೆಲಸ ಮುಗಿದ ಮೇಲೆ ಉಳಿದ ಸುಣ್ಣ ಚರಂಡಿಗೆ ಸುರಿಯಬೇಡಿ. ಅಂಗಳದ ಕಲ್ಲಿನ ಕಟ್ಟೆಗೆ, ಹಿತ್ತಿಲ ಗೋಡೆಗೆ ಬಳಿಯಿರಿ. ಕುಂಚವನ್ನು ಅವತ್ತೇ ತೊಳೆದು ನೆರಳಲ್ಲಿ ತೂಗುಹಾಕಿದರೆ ಮುಂದಿನ ವರ್ಷಕ್ಕೂ ಬರುತ್ತದೆ.