ಕೆಫೀನ್ ಕಾವಲು ಸಾಲದು, ಕಣವೂ ಒಣಗಿರಬೇಕು

ಮಾಮೂಲಿ ಕಾಫಿ ಬೀಜ, ಕೆಫೀನ್ ತೆಗೆದ ಬೀಜ, ಎರಡರ ಮೇಲೂ ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪಾದಿಸುವ ಆಸ್ಪರ್ಜಿಲಸ್ ಬೂಷ್ಟನ್ನು ಬೆಳೆಸಿದರೆ ಏನಾದೀತು? 1970ರ ದಶಕದ ಕೊನೆಯಲ್ಲಿ ಅಮೆರಿಕದ ಸಂಶೋಧಕರು ಇದನ್ನು ಮಾಡಿ ನೋಡಿದರು. ಕೆಫೀನ್ ಕಳೆದುಕೊಂಡ ಬೀಜದಲ್ಲೇ ವಿಷ ಹೆಚ್ಚು ಹುಟ್ಟಿತು. ಪ್ರಯೋಗಾಲಯದಲ್ಲಿ ಬೂಷ್ಟಿನ ಪೋಷಕ ದ್ರವಕ್ಕೆ ಕೆಫೀನ್ ಬೆರೆಸಿದಾಗಲೂ ವಿಷ ತಗ್ಗಿತು.

ಆ ವಿಷ ಸಾಮಾನ್ಯದ್ದಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದವರ ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಬೇರೇನೂ ಇಲ್ಲದೆ ಆ ಜೋಳವನ್ನೇ ಉಂಡ ಬಡವರು ಅವರು. ಮೆಕ್ಕೆಜೋಳಕ್ಕಾಗಲಿ ಕಡಲೆಕಾಯಿಗಾಗಲಿ ಕೆಫೀನಿನ ಕಾವಲಿಲ್ಲ. ಕಾಫಿಗೆ ಇದೆ: ಅರೇಬಿಕಾ ಬೀಜದಲ್ಲಿ ಶೇ 1ಕ್ಕಿಂತ ತುಸು ಹೆಚ್ಚು, ರೋಬಸ್ಟಾದಲ್ಲಿ ಸುಮಾರು ಅದರ ಎರಡು ಪಟ್ಟು.

ಹಾಗೆಂದು ಕಾಫಿ ಬೆಳೆಗಾರರು ನಿಶ್ಚಿಂತರಾಗುವಂತಿಲ್ಲ. ಕಾಫಿಯನ್ನು ಕಾಡುವ ಮುಖ್ಯ ಬೂಷ್ಟು ವಿಷ ಓಕ್ರಾಟಾಕ್ಸಿನ್. ಅದರ ಪೆಟ್ಟು ಮೂತ್ರಪಿಂಡಕ್ಕೆ. ಪ್ರಯೋಗಗಳಲ್ಲಿ ಕೆಫೀನ್ ಇದನ್ನೂ ತಡೆದಿದೆ. ಆದರೆ ಕಣದಲ್ಲಿ ಹರಡಿದ ಹಣ್ಣಿನಲ್ಲಿ ಬೂಷ್ಟು ಮೊದಲು ಹಿಡಿಯುವುದು ಬೀಜವನ್ನಲ್ಲ, ಸಿಹಿಯೂ ತೇವವೂ ಆದ ಸಿಪ್ಪೆ ತಿರುಳನ್ನು. ಅಲ್ಲಿ ಕೆಫೀನ್ ಬೀಜದಲ್ಲಿರುವುದಕ್ಕಿಂತ ಕಡಿಮೆ. ಸಾಲದ್ದಕ್ಕೆ, ಆಸ್ಪರ್ಜಿಲಸ್ ಮತ್ತು ಪೆನಿಸಿಲಿಯಂ ಬೂಷ್ಟುಗಳ ಕೆಲವು ತಳಿಗಳು ಕೆಫೀನನ್ನೇ ಒಡೆದು ತಿಂದು ಬದುಕಬಲ್ಲವು. ಹುರಿದಾಗ ವಿಷ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಆದ್ದರಿಂದ ನಿಜವಾದ ಕಾವಲು ನಡೆಯಬೇಕಾದದ್ದು ಕಣದಲ್ಲೇ. ಹಣ್ಣನ್ನು ತೆಳುವಾಗಿ ಹರಡಬೇಕು, ದಿನಕ್ಕೆ ಹಲವು ಸಲ ತಿರುವಬೇಕು, ರಾತ್ರಿ ಮಂಜು ಬೀಳುವ ಮೊದಲೇ ರಾಶಿ ಮಾಡಿ ಮುಚ್ಚಬೇಕು, ತೇವ ಶೇ 11ರ ಆಸುಪಾಸಿಗೆ ಇಳಿಯುವವರೆಗೂ ಚೀಲಕ್ಕೆ ತುಂಬಬಾರದು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅವರ ಪಾಡೇ ಬೇರೆ: ಕೊಯ್ಲಿನ ಹೊತ್ತಿಗೇ ಅಕಾಲ ಮಳೆ ಸುರಿದರೆ ಮಣ್ಣಿನ ಕಣ ಕೆಸರಾಗುತ್ತದೆ. ಸಿಮೆಂಟ್ ಕಣ, ಒಣಗಿಸುವ ಯಂತ್ರ ಎಲ್ಲರ ಕೈಗೂ ಎಟುಕುವುದಿಲ್ಲ.

ಇತ್ತ ಐರೋಪ್ಯ ಒಕ್ಕೂಟ ಹುರಿದ ಕಾಫಿಯಲ್ಲಿ ಓಕ್ರಾಟಾಕ್ಸಿನ್ ಮಿತಿಯನ್ನು ಕಿಲೋಗೆ 5 ಮೈಕ್ರೋಗ್ರಾಂನಿಂದ 3ಕ್ಕೆ ಇಳಿಸಿದೆ. ಕುಡಿಯುವವರ ಆರೋಗ್ಯದ ದೃಷ್ಟಿಯಿಂದ ಅದು ಸರಿಯೇ. ಆದರೆ ಅದರ ಭಾರವೆಲ್ಲ ನಾಲ್ಕೆಕರೆಯ ತೋಟದವನ ಹೆಗಲಿಗೇ ಬೀಳುವುದು ಸರಿಯಲ್ಲ. ಹೋಬಳಿಗೊಂದಾದರೂ ಸಾಮೂಹಿಕ ಒಣಗಿಸುವ ಘಟಕ, ತೇವ ಅಳೆಯುವ ಮೀಟರ್ ಅವನಿಗೆ ಸಿಗಬೇಕು, ಅದೂ ಮುಂದಿನ ಕೊಯ್ಲಿಗೆ ಮೊದಲೇ.