ತಪ್ಪು ನೆನಪು

ಕತ್ರಿಗುಪ್ಪೆಯ ನಮ್ಮ ಮನೆಯ ಗಣಕಯಂತ್ರವನ್ನು ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ನಾನೇ ಜೋಡಿಸಿದ್ದು. ತಾಯಿಯವರು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದ ಹಾಡುಗಳನ್ನು ಅದರಲ್ಲಿ ಬೆರಳಚ್ಚು ಮಾಡುತ್ತಿದ್ದೆ. ಒಂದು ದಿನ, ಉಳಿಸಿಟ್ಟ ಪುಟದಲ್ಲಿ ‘ಗರಿ’ ಎಂಬುದು ‘ಕರಿ’ಯಾಗಿತ್ತು. ನನ್ನ ಬೆರಳನ್ನೇ ದೂರಿದೆ. ಬೇರೆ ಪುಟಗಳಲ್ಲೂ ಅದೇ ಬಗೆಯ ತಪ್ಪು ಕಂಡಾಗ ಯಂತ್ರದ ಮೇಲೆ ಸಂಶಯ ಬಂದಿತು.

ಯಂತ್ರದ ಸ್ಮೃತಿಯನ್ನು, ಅಂದರೆ ರ‍್ಯಾಮನ್ನು, ವಿದ್ಯುತ್ತು ತುಂಬಿಡುವ ಕೋಟ್ಯಂತರ ಪುಟ್ಟ ಬಿಂದಿಗೆಗಳೆನ್ನಬಹುದು. ತುಂಬಿದ್ದರೆ ಒಂದು, ಬರಿದಾದರೆ ಸೊನ್ನೆ. ಎಲ್ಲವೂ ಸೋರುವಂಥವೇ, ಆದುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಅವನ್ನು ಮತ್ತೆ ತುಂಬಬೇಕು. ಯೂನಿಕೋಡ್ ಸಂಕೇತದಲ್ಲಿ ‘ಗ’ಕಾರಕ್ಕೂ ‘ಕ’ಕಾರಕ್ಕೂ ಇರುವ ಅಂತರ ಒಂದೇ ಬಿಂದಿಗೆಯದು.

1994ರಲ್ಲಿ ಕ್ರಿಸ್ ಬ್ರಾಡಿ ರಚಿಸಿದ ಮೆಮ್‌ಟೆಸ್ಟ್86 ಎಂಬ ತಂತ್ರಾಂಶವು ಈ ಬಿಂದಿಗೆಗಳಲ್ಲಿ ಬರೆದು, ಮರಳಿ ಓದಿ, ಹೋಲಿಸುತ್ತದೆ. ನನ್ನ ಎರಡು ರ‍್ಯಾಮ್ ಪಟ್ಟಿಗಳನ್ನು ಒಂದಾದಮೇಲೊಂದರಂತೆ ಒಂದೇ ಸ್ಲಾಟಿನಲ್ಲಿಟ್ಟು ಪರೀಕ್ಷಿಸಿದೆ. ಒಂದು ನಿರ್ದೋಷಿ, ಇನ್ನೊಂದು ಪ್ರತಿ ಸುತ್ತಿನಲ್ಲೂ ಅದೇ ವಿಳಾಸದಲ್ಲಿ ತಪ್ಪಿತು. ಒಳ್ಳೆಯ ಪಟ್ಟಿ ಎರಡನೆಯ ಸ್ಲಾಟಿನಲ್ಲೂ ತಪ್ಪಲಿಲ್ಲ. ಸ್ಲಾಟಿನ ದೋಷವಲ್ಲವೆಂದು ಖಚಿತವಾಯಿತು.

ಪಟ್ಟಿಯನ್ನೇನೋ ಬದಲಾಯಿಸಿದೆ. ಆದರೆ ತಪ್ಪು ಅಕ್ಷರಗಳನ್ನು ಯಂತ್ರ ಸರಿಯೆಂದೇ ಉಳಿಸಿತ್ತು. ತೆಗೆದಿಟ್ಟ ಪ್ರತಿಗಳಲ್ಲೂ ಅವೇ ಇದ್ದವು. ಕಡೆಗೆ ತಾಯಿಯವರ ನೋಟುಪುಸ್ತಕವನ್ನು ಮುಂದಿಟ್ಟುಕೊಂಡು ಸಾಲುಸಾಲಾಗಿ ತಿದ್ದಿದೆ. ಅದನ್ನು ಹಳೆಯ ಕಾಗದದವನಿಗೆ ಕೊಡದೆ ಉಳಿಸಿಕೊಂಡಿದ್ದುದೇ ಪುಣ್ಯ.