ನಿಮಗಿದು ಗೊತ್ತೇ? ಶಾಸಕರ ಕಿಸೆಗೆಷ್ಟು, ಕ್ಷೇತ್ರಕ್ಕೆಷ್ಟು?

ಶಾಸಕರ ಸಂಬಳ ಎಷ್ಟಿರಬೇಕೆಂದು ಗೊತ್ತುಮಾಡುವವರು ಯಾರು? ಶಾಸಕರೇ! ಸಂವಿಧಾನದ 195ನೇ ವಿಧಿ ಆ ಅಧಿಕಾರವನ್ನು ಆಯಾ ರಾಜ್ಯದ ವಿಧಾನಮಂಡಲಕ್ಕೇ ಬಿಟ್ಟಿದೆ. ತನ್ನೆಲೆಗೆ ತಾನೇ ಬಡಿಸಿಕೊಳ್ಳುವ ಭಾಗ್ಯ ಗುಮಾಸ್ತರಿಗೂ ಇಲ್ಲ, ಮೇಷ್ಟ್ರುಗಳಿಗೂ ಇಲ್ಲ.

ಆದಾಯ ತೆರಿಗೆ ಇಲಾಖೆಯ ಕಣ್ಣಲ್ಲಿ ಶಾಸಕರ ಸಂಬಳ ಸಂಬಳವೇ ಅಲ್ಲ. ಶಾಸಕರು ಯಾರ ನೌಕರರೂ ಅಲ್ಲವಾದ್ದರಿಂದ ಅದು ‘ಇತರ ಮೂಲಗಳ ಆದಾಯ’ ಎನಿಸಿಕೊಳ್ಳುತ್ತದೆ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ದಿನಭತ್ಯೆಗೂ ಕ್ಷೇತ್ರ ಭತ್ಯೆಗೂ ತೆರಿಗೆಯಿಲ್ಲ.

ನಮ್ಮ ಶಾಸನಸಭೆಯ ಕಥೆಯ ಬೇರು ಇರುವುದು ಮೈಸೂರಿನಲ್ಲೇ. ದಿವಾನ್ ಸಿ. ರಂಗಾಚಾರ್ಲು 1881ರ ಅಕ್ಟೋಬರ್ 7ರಂದು, ದಸರಾ ಹೊತ್ತಿಗೆ, ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನ ನಡೆಸಿದರು. ಬಂದವರು 144 ಮಂದಿ. ಬಹುಪಾಲು ತಾಲ್ಲೂಕುಗಳ ಜಮೀನುದಾರರು, ವರ್ತಕರು. ಕಾನೂನು ಮಾಡುವ ಅಧಿಕಾರವಾಗಲಿ, ತಿಂಗಳ ಸಂಬಳವಾಗಲಿ ಅವರಿಗಿರಲಿಲ್ಲ. ದಿವಾನರು ಮಂಡಿಸಿದ ಆಡಳಿತದ ವಿವರ ಕೇಳುವುದು, ತಮ್ಮ ಸೀಮೆಯ ಅಹವಾಲು ಹೇಳುವುದು, ದಸರಾ ನೋಡಿಕೊಂಡು ಊರಿಗೆ ಮರಳುವುದು, ಇಷ್ಟೇ. 1891ರಲ್ಲಿ ಚುನಾವಣೆ ಬಂದಾಗಲೂ ಮತದ ಹಕ್ಕು ಸಿಕ್ಕಿದ್ದು ಮುಖ್ಯವಾಗಿ ನಿಗದಿತ ಮೊತ್ತದ ಕಂದಾಯ ಕಟ್ಟುವವರಿಗೆ ಮತ್ತು ಪದವೀಧರರಿಗೆ. ಅಂದು ಸರ್ಕಾರಕ್ಕೆ ದುಡ್ಡು ಕಟ್ಟಿದವರು ಪ್ರತಿನಿಧಿಗಳು, ಇಂದು ಸರ್ಕಾರದಿಂದ ದುಡ್ಡು ಪಡೆಯುವವರು ಪ್ರತಿನಿಧಿಗಳು. ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡಬೇಡಿ: ಕೂಲಿ ಮಾಡುವವನಿಗೆ ಆ ಸಭೆಯ ಬಾಗಿಲು ಮುಚ್ಚಿತ್ತು. ಶಾಸಕರಿಗೆ ಸಂಬಳವೇ ಬೇಡ ಎನ್ನುವವರು ಇದನ್ನೊಂದಿಷ್ಟು ಯೋಚಿಸಬೇಕು.



ಅತ್ತ ಬ್ರಿಟನ್ನಿನಲ್ಲೂ ಕಾಮನ್ಸ್ ಸಭೆಯ ಸದಸ್ಯರಿಗೆ ಸಂಬಳ ಶುರುವಾದದ್ದು ತಡವಾಗಿ, 1911ರಲ್ಲಿ. ವರ್ಷಕ್ಕೆ 400 ಪೌಂಡ್.

ಇನ್ನು ನಮ್ಮ ಕಾಲಕ್ಕೆ ಬರೋಣ. ಕರ್ನಾಟಕದಲ್ಲಿ ಶಾಸಕರ ಸಂಬಳದ ಕಾಯ್ದೆ 1956ರದ್ದು. ಆಮೇಲೆ ಬಂದದ್ದೆಲ್ಲ ತಿದ್ದುಪಡಿ. 2022ರ ಫೆಬ್ರುವರಿಯ ತಿದ್ದುಪಡಿ 25 ಸಾವಿರವಿದ್ದ ಮೂಲ ಸಂಬಳವನ್ನು 40 ಸಾವಿರ ಮಾಡಿತು. 2025ರ ಮಾರ್ಚ್ 21ರದ್ದು ಅದನ್ನು 80 ಸಾವಿರಕ್ಕೆ ಒಯ್ದಿತು. ಮೂರು ವರ್ಷದಲ್ಲಿ ಮೂರು ಪಟ್ಟಿಗೂ ಹೆಚ್ಚು! ಮುಖ್ಯಮಂತ್ರಿಗೆ 75 ಸಾವಿರದಿಂದ ಒಂದೂವರೆ ಲಕ್ಷ, ಮಂತ್ರಿಗಳಿಗೆ 60 ಸಾವಿರದಿಂದ 1.25 ಲಕ್ಷ, ಮಾಜಿ ಶಾಸಕರ ಪಿಂಚಣಿ 50 ಸಾವಿರದಿಂದ 75 ಸಾವಿರ. ಭತ್ಯೆಗಳ ಲೆಕ್ಕ ಬೇರೆ.

ಸ್ವಾರಸ್ಯ ಇರುವುದು ಈ ಮಸೂದೆಗಳು ಪಾಸಾದ ಬಗೆಯಲ್ಲಿ. 2022ರಲ್ಲಿ ಸದನದ ಬಾವಿಗಿಳಿದು ಗದ್ದಲ ಎಬ್ಬಿಸಿದ್ದು ಕಾಂಗ್ರೆಸ್. 2025ರಲ್ಲಿ ಹನಿಟ್ರ್ಯಾಪ್ ಆರೋಪ ಹಿಡಿದು ಗದ್ದಲ ಎಬ್ಬಿಸಿದ್ದು ಬಿಜೆಪಿ. ಮಸೂದೆ ಪಾಸಾದ ದಿನವೇ ಆ ಪಕ್ಷದ 18 ಶಾಸಕರು ಅಮಾನತಾದರು. ಎರಡು ಸಲವೂ ಸಂಬಳದ ಮಸೂದೆ ಚರ್ಚೆಯಿಲ್ಲದೆ ದಡ ಸೇರಿತು. ಸಂಬಳ ಏರಿದ್ದಕ್ಕಿಂತ ನನ್ನನ್ನು ಚುಚ್ಚುವುದು ಈ ಮೌನ.

ಮುಖ್ಯಮಂತ್ರಿ, ಮಂತ್ರಿ, ಶಾಸಕ ಎಲ್ಲರೂ ಸೇರಿ 2025ರ ಏರಿಕೆಯಿಂದ ಖಜಾನೆಗೆ ಬಿದ್ದ ಹೆಚ್ಚಿನ ಹೊರೆ, ಅಂದಾಜಿನ ಪ್ರಕಾರ, ವರ್ಷಕ್ಕೆ 62 ಕೋಟಿ ರೂಪಾಯಿ.

ಚುನಾವಣಾ ಸುಧಾರಣೆಗಾಗಿ ದುಡಿಯುವ ಎಡಿಆರ್ ಸಂಸ್ಥೆ 2023ರಲ್ಲಿ ಚುನಾವಣಾ ಪ್ರಮಾಣಪತ್ರಗಳನ್ನು ಕೂಡಿ ಕಳೆದು ನೋಡಿದಾಗ ಕರ್ನಾಟಕದ ಶಾಸಕರ ಸರಾಸರಿ ಆಸ್ತಿ 64 ಕೋಟಿ ದಾಟಿತ್ತು. ತಿಂಗಳಿಗೆ 80 ಸಾವಿರದಂತೆ, ಒಂದು ಕಾಸೂ ಖರ್ಚು ಮಾಡದೆ ಕೂಡಿಟ್ಟರೂ ಅಷ್ಟಾಗಲು ಸುಮಾರು 670 ವರ್ಷ ಬೇಕು. ಅಂದರೆ 1399ರಲ್ಲಿ ಮೈಸೂರು ಅರಸುಮನೆತನದ ಮೂಲಪುರುಷ ಯದುರಾಯರು ಪಟ್ಟಕ್ಕೆ ಬರುವ ಮೊದಲೇ ಶಾಸಕರಾಗಿರಬೇಕಿತ್ತು. ಸಂಬಳ ಸಾಲುತ್ತಿಲ್ಲ ಎಂಬ ಮಾತು ಎಲ್ಲರ ಬಾಯಲ್ಲೂ ಒಪ್ಪುವುದಿಲ್ಲ.

ಇನ್ನು ಹೊರರಾಜ್ಯಗಳತ್ತ ನೋಡೋಣ. ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ 2021ರಲ್ಲಿ ಕೇರಳ ವಿಧಾನಸಭೆಯಲ್ಲಿ ಪ್ರಮಾಣವಚನ ಓದಿದ್ದು ಕನ್ನಡದಲ್ಲಿ. ಭಾಷೆ ನಮ್ಮದಾದರೂ ದರ ಅಲ್ಲಿಯದು: 2018ರ ಪರಿಷ್ಕರಣೆಯಂತೆ ಕೇರಳದ ಶಾಸಕರಿಗೆ ಭತ್ಯೆಗಳೂ ಸೇರಿ ತಿಂಗಳಿಗೆ ಸುಮಾರು 70 ಸಾವಿರ. ಗುಜರಾತಿನಲ್ಲಂತೂ ಮಾಜಿ ಶಾಸಕರಿಗೆ ಪಿಂಚಣಿಯೇ ಇಲ್ಲ.

ಕಿಸೆಯ ಮಾತಾಯಿತು, ಕ್ಷೇತ್ರದ್ದು? ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಎಂದು ಪ್ರತಿಯೊಬ್ಬರಿಗೂ ವರ್ಷಕ್ಕೆ 2 ಕೋಟಿ ನಿಗದಿ. ವಿಧಾನಸಭೆಯ 224, ಪರಿಷತ್ತಿನ 75 ಸೇರಿದರೆ 598 ಕೋಟಿ. ಚಾಮರಾಜ, ಕೃಷ್ಣರಾಜ, ನರಸಿಂಹರಾಜ ಎಂಬ ಮೈಸೂರು ನಗರದ ಮೂರು ಕ್ಷೇತ್ರಗಳ ಪಾಲೇ 6 ಕೋಟಿ. ಈ ಹಣ ಶಾಸಕರ ಕೈಗೆ ಬರುವುದಿಲ್ಲ. ಅವರು ಕಾಮಗಾರಿ ಸೂಚಿಸುತ್ತಾರೆ, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ‘ಶಾಸಕರ ಅನುದಾನದಲ್ಲಿ’ ಎಂದು ದೊಡ್ಡಕ್ಷರದ ಫಲಕ ಕಂಡರೆ ಅದು ನಿಮ್ಮದೇ ತೆರಿಗೆ ಎಂದು ಓದಿಕೊಳ್ಳಿ.

ನಿಮ್ಮ ಬಡಾವಣೆಯ ಬಸ್ ತಂಗುದಾಣಕ್ಕೋ ಸಮುದಾಯ ಭವನಕ್ಕೋ ಈ ನಿಧಿಯಿಂದ ಎಷ್ಟು ಹೋಯಿತು ಎಂದು ತಿಳಿಯಬೇಕೇ? ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಒಂದೇ ವಿಷಯ ಕೇಳಿ, 150 ಪದ ಮೀರಬೇಡಿ. ಶುಲ್ಕ 10 ರೂಪಾಯಿ.